ಹಸಿವು ತಗ್ಗಿಸುವ ಮದ್ದು ವೈದ್ಯರ ಕೈಯಿಂದಲೇ ಸಿಗಲಿ

ತೂಕ ಇಳಿಸಬೇಕೆಂದು ಹೋದವರಿಗೆ ವೈದ್ಯರು ಹೇಳುವ ಮೊದಲ ಮಾತು, ‘ಬೆಳಿಗ್ಗೆ ಬೇಗ ಎದ್ದು ನಡೆಯಿರಿ’. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಈ ಮಾತನ್ನು ಪಾಲಿಸುವಂತಿಲ್ಲ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದ ರಸ್ತೆ ಕಾಡಾನೆಗಳದ್ದು. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಭಯ ಹೋಗಿಲ್ಲ. ದಸರಾ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಪ್ರಾಣ ಬಿಟ್ಟದ್ದು ಇಲ್ಲಿನ ಯಸಳೂರು ವಲಯದ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲೇ. ಮಳೆ ಹಿಡಿದರಂತೂ ತಿಂಗಳುಗಟ್ಟಲೆ ಹೊರಗೆ ಕಾಲಿಡುವುದೇ ಕಷ್ಟ. ಹಿಂದೆ ಕಾಲ್ನಡಿಗೆಯಲ್ಲಿ ತೋಟ ಸುತ್ತುತ್ತಿದ್ದವರು ಈಗ ಜೀಪು, ಬೈಕು ಹತ್ತಿದ್ದಾರೆ. ತಟ್ಟೆಯಲ್ಲಿ ಮಾತ್ರ ಅದೇ ಅಕ್ಕಿ ರೊಟ್ಟಿ, ಕಡುಬು, ಅನ್ನ.

ಇಷ್ಟಿದ್ದೂ ಬೊಜ್ಜನ್ನು ನಾವು ಸೋಮಾರಿತನದ, ಬಾಯಿಚಪಲದ ಫಲವೆಂದೇ ನೋಡುತ್ತ ಬಂದಿದ್ದೇವೆ. ದೇಹದ ಲೆಕ್ಕ ಬೇರೆಯೇ ಇದೆ. ತೂಕ ಇಳಿಯತೊಡಗಿದರೆ ದೇಹ ಅದನ್ನು ಬರಗಾಲವೆಂದು ತಿಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚುತ್ತದೆ, ‘ಸಾಕು’ ಎನ್ನುವ ಲೆಪ್ಟಿನ್ ಕುಗ್ಗುತ್ತದೆ. ಬಾಯಿ ಕಟ್ಟಿ ಆರು ಕಿಲೊ ಇಳಿಸಿದವರು ಮರುವರ್ಷ ಅದನ್ನೆಲ್ಲ ಮರಳಿ ಪಡೆದರೆ ಅವರನ್ನು ಹಂಗಿಸುವುದು ಅನ್ಯಾಯ.

ಹಸಿವು ತಗ್ಗಿಸುವ ಹೊಸ ಔಷಧಿಗಳು ಕೆಲಸ ಮಾಡುವುದು ಈ ಜಾಗದಲ್ಲೇ. ಉಂಡ ಮೇಲೆ ನಮ್ಮ ಕರುಳು ಜಿಎಲ್‌ಪಿ–1 ಎಂಬ ಹಾರ್ಮೋನನ್ನು ಸ್ರವಿಸಿ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನೇ ಹೋಲುವ ಸೆಮಾಗ್ಲುಟೈಡ್ ಒಂದು ಚುಚ್ಚುಮದ್ದಿಗೆ ವಾರವಿಡೀ ಉಳಿಯುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ. ನಾಲ್ಕು ರೊಟ್ಟಿ ತಿನ್ನುತ್ತಿದ್ದವರಿಗೆ ಎರಡಕ್ಕೇ ಸಾಕೆನಿಸುತ್ತದೆ. 2021ರಲ್ಲಿ ಪ್ರಕಟವಾದ ಸ್ಟೆಪ್–1 ಪ್ರಯೋಗದಲ್ಲಿ ಈ ಔಷಧಿ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿಯಿತು. ಬರೀ ಆಹಾರ–ವ್ಯಾಯಾಮದ ಸಲಹೆ ಮತ್ತು ಹುಸಿಮದ್ದು ಸಿಕ್ಕವರಲ್ಲಿ ಇಳಿದದ್ದು ಶೇ 2.4. ಇದೇ ಬಗೆಯ ಇನ್ನೊಂದು ಔಷಧಿ ಟಿರ್ಜೆಪಟೈಡ್ ಬೇರೊಂದು ಪ್ರಯೋಗದಲ್ಲಿ, ಗರಿಷ್ಠ ಪ್ರಮಾಣದಲ್ಲಿ ಶೇ 20ನ್ನೂ ದಾಟಿತು.

ತೂಕದ ಪ್ರಶ್ನೆ ಹೃದಯದ ಪ್ರಶ್ನೆಯೂ ಹೌದು. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಗಾಬರಿಬಿದ್ದ ಜನ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆ ಇಲ್ಲವೆಂದಿತು. ಗಾಬರಿ ಇಳಿಯಿತು, ಚರ್ಚೆಯೂ ನಿಂತಿತು. ಚರ್ಚೆ ನಿಲ್ಲಬಾರದಿತ್ತು. ಮಧುಮೇಹ, ರಕ್ತದೊತ್ತಡ, ಧೂಮಪಾನ, ಬೊಜ್ಜು ಎಂಬ ಹಳೆಯ ಕಾರಣಗಳು ಹಾಗೆಯೇ ಉಳಿದಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂವರ ತೂಕ ಮಿತಿ ಮೀರಿದೆ. 2023ರಲ್ಲಿ ಹೊರಬಂದ ಸೆಲೆಕ್ಟ್ ಅಧ್ಯಯನ ನಮಗೆ ಮುಖ್ಯವಾಗುವುದು ಇದಕ್ಕೇ. ಆಗಲೇ ಹೃದಯ–ರಕ್ತನಾಳದ ಕಾಯಿಲೆಯಿದ್ದ, ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ 17,604 ಮಂದಿ ಅದರಲ್ಲಿದ್ದರು. ಸೆಮಾಗ್ಲುಟೈಡ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ 20ರಷ್ಟು ಕಡಿಮೆಯಾದವು.

ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಹಸಿವು ಕುಗ್ಗಿಸುತ್ತಿದ್ದ ಸಿಬುಟ್ರಮೈನ್ ಮಾತ್ರೆಯನ್ನು ಹೃದಯಕ್ಕೆ ಅಪಾಯವೆಂದು 2011ರಲ್ಲಿ ಭಾರತ ನಿಷೇಧಿಸಿತು. ಅದಕ್ಕೂ ಹಿಂದಿನ ಫೆನ್‌ಫ್ಲುರಮೈನ್ ಹೃದಯದ ಕವಾಟಗಳನ್ನೇ ಕೆಡಿಸಿತ್ತು. ಹೊಸ ಔಷಧಿಗಳ ದಾಖಲೆ ಇವಕ್ಕಿಂತ ಎಷ್ಟೋ ಉತ್ತಮ. ಆದರೂ ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಕೆಲವರಿಗೆ ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ. ಕೊಬ್ಬಿನೊಡನೆ ಸ್ನಾಯುವೂ ಕರಗುವುದರಿಂದ ಮೊಟ್ಟೆ, ಕಾಳು, ಮೀನು ತಪ್ಪಬಾರದು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ನನ್ನ ದೊಡ್ಡ ಆತಂಕ ಮಾತ್ರ ಬೇರೆ. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ. ಅವರು ಯಾರನ್ನೂ ಕೇಳದೆ ಈ ಇಂಜೆಕ್ಷನ್ ಶುರು ಮಾಡಿ ಊಟ ಕಡಿಮೆಯಾದರೆ, ಕಾಫಿ ಕುಯ್ಲಿನ ನಡುವೆ ಸಕ್ಕರೆ ಅಂಶ ಕುಸಿದು ತೋಟದಲ್ಲೇ ಬೀಳಬಹುದು. ಆಸ್ಪತ್ರೆ ಅಲ್ಲಿಂದ ಹತ್ತಾರು ಕಿಲೊಮೀಟರ್ ದೂರ.

ಇನ್ನೊಂದು ಸತ್ಯವನ್ನು ರೋಗಿಗೆ ಮೊದಲೇ ಹೇಳಬೇಕು: ನಿಲ್ಲಿಸಿದರೆ ತೂಕ ಮರಳುತ್ತದೆ. ಸ್ಟೆಪ್–1ರಲ್ಲಿ ಔಷಧಿ ಬಿಟ್ಟ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರನೇ ಎರಡು ಭಾಗ ವಾಪಸ್ ಬಂತು. ಬಿ.ಪಿ. ಮಾತ್ರೆಯಂತೆ ಇದೂ ದೀರ್ಘಕಾಲದ ಚಿಕಿತ್ಸೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ ಕನಿಷ್ಠ 14,000 ರೂಪಾಯಿ ಬೀಳುತ್ತಿತ್ತು. ತೋಟದ ಲೈನ್ ಮನೆಯ ಕಾರ್ಮಿಕರಿಗೆ ಅದು ಕನಸಿನ ಮಾತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಅವಧಿ ಮುಗಿದು ದೇಶಿ ಕಂಪನಿಗಳಿಗೆ ದಾರಿ ತೆರೆದಿದೆ. ಬೆಲೆ ಇಳಿದಷ್ಟೂ, ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಚಾಳಿಯೂ ಬೆಳೆಯುತ್ತದೆ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಹೃದಯಾಘಾತವಾದ ಮೇಲೆ ಕೊಡುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಸರ್ಕಾರ ಉಚಿತವಾಗಿ ಒದಗಿಸುತ್ತಿದೆ. ಅದೇ ಕಾಳಜಿ ಆಘಾತಕ್ಕೆ ಮುಂಚೆಯೂ ಇರಲಿ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ, ಆಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ತೂಕ, ಸೊಂಟದ ಸುತ್ತಳತೆ, ಶುಗರ್, ಬಿ.ಪಿ. ನೋಡುವ ಕ್ಲಿನಿಕ್ ನಡೆಯಲಿ. ಹೃದಯರೋಗವಿದ್ದು ತೂಕವೂ ಮಿತಿ ಮೀರಿದವರಿಗೆ ಈ ಔಷಧಿ ಅಲ್ಲಿಂದಲೇ, ಅಗ್ಗದ ದರದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಸಿಗಲಿ. ಅಲ್ಲಿಯವರೆಗೆ ಓದುಗರಲ್ಲಿ ಒಂದೇ ಕೋರಿಕೆ: ಪಕ್ಕದ ಮನೆಯವರು ಸಣ್ಣಗಾದರೆಂದು ಅವರ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಮೊದಲು ವೈದ್ಯರ ಬಳಿ ಹೋಗಿ.