ಪಾಯದ ಮಣ್ಣೇ ಗೋಡೆ

ಕೋಣನಕುಂಟೆಯ ಕಡೆ ಮನೆಗೆ ಪಾಯ ತೋಡಿದರೆ ಹಲವೆಡೆ ಕೆಮ್ಮಣ್ಣು ಸಿಗುತ್ತದೆ. ಅದನ್ನು ಒಂದು ಲಾರಿ ಹೊರಗೆ ಸಾಗಿಸುತ್ತದೆ. ಇನ್ನೊಂದು ಲಾರಿ ದೂರದ ಗೂಡಿನಿಂದ ಇಟ್ಟಿಗೆ ತರುತ್ತದೆ. ಇಟ್ಟಿಗೆಯೂ ಮಣ್ಣೇ. ಅದನ್ನು ಸುಡಲು ಸೌದೆಯೋ ಕಲ್ಲಿದ್ದಲೋ ಬೇಕು, ಅಷ್ಟೆ.

ಈ ಬೆಂಕಿಯನ್ನು ತಪ್ಪಿಸುವ ದಾರಿ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಬ್ಲಾಕುಗಳನ್ನು ರೂಪಿಸಿದರು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು, ಸ್ವಲ್ಪ ನೀರು ಬೆರೆಸಿ ಕೈಯಂತ್ರದಲ್ಲಿ ಒತ್ತುತ್ತಾರೆ. ಒತ್ತಡಕ್ಕೆ ಕಣಗಳು ಒತ್ತಾಗಿ ಕೂರುತ್ತವೆ, ಸಿಮೆಂಟು ಅವನ್ನು ಹಿಡಿದಿಡುತ್ತದೆ. ಮೂರು-ನಾಲ್ಕು ವಾರ ನೀರುಣಿಸಿದರೆ ಬ್ಲಾಕು ಸಿದ್ಧ. ಒಳ್ಳೆಯ ಬ್ಲಾಕಿನ ಗೋಡೆಗೆ ಗಿಲಾವು ಬೇಡ. ಮಣ್ಣಿನ ಬಣ್ಣವೇ ಅದರ ಚೆಂದ. ವಿದ್ಯಾರಣ್ಯಪುರದಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರ ಸ್ವಂತ ಮನೆಯೇ ಮಣ್ಣಿನದು.

ಆದರೆ ಎಲ್ಲ ಮಣ್ಣೂ ಇದಕ್ಕೆ ಒಗ್ಗದು. ಬೇರು, ಕಸವಿರುವ ಮೇಲ್ಪದರ ಬೇಡ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ, ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ಜೇಡಿ ಕೂರುತ್ತದೆ. ಜೇಡಿ ಅತಿಯಾದರೆ ಬ್ಲಾಕು ಬಿರಿಯುತ್ತದೆ, ಮರಳು ಸೇರಿಸಬೇಕು. ಮಣ್ಣು ಸಾಗಿಸಲು ಲಾರಿ ಕರೆಯುವ ಮುನ್ನ ಒಂದು ಬಾಟಲಿ ತುಂಬಿಸಿ ನೋಡುವುದು ಲೇಸು.