ಶೇಕಡಾ ಲೆಕ್ಕ: ‘ಯಾವ ನೂರಕ್ಕೆ?’ ಎಂಬುದೇ ಮೊದಲ ಪ್ರಶ್ನೆ

ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಕಲಿಕೆಯನ್ನು ಅಳೆದ ‘ಅಸರ್ 2023’ ಸಮೀಕ್ಷೆಯ ಅಂಕಿ-ಅಂಶಗಳು ಮತ್ತೆ ಮತ್ತೆ ನೆನಪಿಗೆ ತಂದುಕೊಳ್ಳಬೇಕಾದಂಥವು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ 34,745 ಮಂದಿಯನ್ನು ಈ ಸಮೀಕ್ಷೆ ತಲುಪಿತ್ತು. ಕನಿಷ್ಠ ವ್ಯವಕಲನ ಬಲ್ಲವರ ಪೈಕಿ ಶೇ. 60ಕ್ಕೂ ಹೆಚ್ಚು ಮಂದಿ ಖರ್ಚುವೆಚ್ಚದ ಲೆಕ್ಕವನ್ನು ಸರಿಯಾಗಿ ಬಿಡಿಸಿದರು. ರಿಯಾಯಿತಿ ಕಳೆದು ಬೆಲೆ ಹೇಳಿದವರು ಸುಮಾರು ಶೇ. 37. ಸಾಲಕ್ಕೆ ಬಡ್ಡಿ ಸೇರಿಸಿ ಮರುಪಾವತಿಯ ಮೊತ್ತ ಹೇಳಬಲ್ಲವರು ಕೇವಲ ಶೇ. 10ರಷ್ಟು.

ಗುಣಾಕಾರ, ಭಾಗಾಕಾರಗಳ ದೌರ್ಬಲ್ಯ ಇದಕ್ಕೆ ಒಂದು ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದೇ ಕಾರಣವಲ್ಲ. ಶೇಕಡಾ ಲೆಕ್ಕದಲ್ಲಿ ಹಂತಗಳು ಹೆಚ್ಚಿದಂತೆಲ್ಲ ‘ನೂರು’ ಎಂದು ಭಾವಿಸಿದ ಮೂಲಮೊತ್ತವೇ ಬದಲಾಗುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಕಾಣಸಿಗುವ ಮಾದರಿಯ ಪ್ರಶ್ನೆಯೊಂದನ್ನು ನೋಡಬಹುದು. ನೌಕರನೊಬ್ಬ ಸಂಬಳದ ಶೇ. 30 ಭಾಗವನ್ನು ಮನೆ ಬಾಡಿಗೆಗೂ, ಉಳಿದುದರ ಶೇ. 40 ಭಾಗವನ್ನು ದಿನಸಿಗೂ ವ್ಯಯಿಸುತ್ತಾನೆ. ಕೈಯಲ್ಲಿ 12,600 ರೂ. ಉಳಿಯುತ್ತದೆ. ಸಂಬಳ ಎಷ್ಟು? ಅವಸರದವರು 30 ಮತ್ತು 40ನ್ನು ಕೂಡಿಸಿ, ಉಳಿದದ್ದು ಶೇ. 30 ಎಂದು ಭಾವಿಸಿ 42,000 ರೂ. ಎಂದು ಉತ್ತರಿಸುತ್ತಾರೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಆದ್ದರಿಂದಲೇ ಇಂಥ ಉತ್ತರವೂ ಆಯ್ಕೆಗಳ ಸಾಲಿನಲ್ಲಿರುತ್ತದೆ.

ಸರಿಯಾದ ದಾರಿ ಸರಳ. ಸಂಬಳ 100 ಎಂದುಕೊಂಡರೆ ಬಾಡಿಗೆ ಕಳೆದು ಉಳಿಯುವುದು 70. ದಿನಸಿಯ ಶೇ. 40ನ್ನು ಈ 70ರ ಮೇಲೆ ಲೆಕ್ಕ ಹಾಕಬೇಕು, ಅದು 28. ಕೊನೆಗೆ ಉಳಿಯುವುದು 42. ಈ 42 ಭಾಗವೇ 12,600 ರೂ. ಆದ್ದರಿಂದ ಒಂದು ಭಾಗ 300 ರೂ., ಸಂಬಳ 30,000 ರೂ. ಇಲ್ಲಿ ಸೂತ್ರದ ಅಗತ್ಯವೇ ಇಲ್ಲ. ‘ಉಳಿದುದರ’ ಎಂಬ ಒಂದು ಪದವನ್ನು ಗಮನವಿಟ್ಟು ಓದಿದರೆ ಸಾಕು.

ಕನ್ನಡದಲ್ಲಿ ಈ ಎಚ್ಚರ ವಿಭಕ್ತಿ ಪ್ರತ್ಯಯಗಳಿಗೂ ವಿಸ್ತರಿಸಬೇಕು. ದಾಸ್ತಾನು ‘ಶೇ. 20ರಷ್ಟು ಇಳಿಯಿತು’ ಎಂದರೆ 80 ಭಾಗ ಉಳಿಯಿತು, ‘ಶೇ. 20ಕ್ಕೆ ಇಳಿಯಿತು’ ಎಂದರೆ ಉಳಿದದ್ದು 20 ಮಾತ್ರ. ಬ್ಯಾಂಕ್ ಗುಮಾಸ್ತ ಹುದ್ದೆಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿದ ಮೇಲೆ ಈ ಸೂಕ್ಷ್ಮಕ್ಕೆ ಹೆಚ್ಚಿನ ಮಹತ್ವ ಬಂದಿದೆ. ಆದರೆ ಪೂರ್ವಭಾವಿ ಪರೀಕ್ಷೆಯ ಗಣಿತ ವಿಭಾಗದಲ್ಲಿ 35 ಪ್ರಶ್ನೆಗಳಿಗೆ ದೊರೆಯುವುದು 20 ನಿಮಿಷ. ಅಂದರೆ ಪ್ರಶ್ನೆಗೆ ಸುಮಾರು 34 ಸೆಕೆಂಡ್. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ ಬೇರೆ. ಈ ಒತ್ತಡವೇ ಅಭ್ಯರ್ಥಿಗಳನ್ನು ಅಡ್ಡದಾರಿಯ ಸೂತ್ರಗಳತ್ತ ದೂಡುತ್ತದೆ. ಪ್ರಶ್ನೆಯ ಒಂದು ಪದ ಬದಲಾದರೂ ಸೂತ್ರ ಕೈಕೊಡುತ್ತದೆ.

ಇದು ಪರೀಕ್ಷಾ ಕೊಠಡಿಗೆ ಸೀಮಿತವಾದ ಸಮಸ್ಯೆಯೂ ಅಲ್ಲ. 2025ರ ಸೆಪ್ಟೆಂಬರ್ 22ರಂದು ಹವಾನಿಯಂತ್ರಕ ಯಂತ್ರಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹಾಗೆಂದು ಗ್ರಾಹಕ ಶೇ. 10ರಷ್ಟು ಬೆಲೆ ಇಳಿಕೆ ನಿರೀಕ್ಷಿಸುವಂತಿಲ್ಲ. ತೆರಿಗೆರಹಿತ ಬೆಲೆ 100 ಆದರೆ, ಮೊದಲು ತೆರುತ್ತಿದ್ದುದು 128, ನಂತರ 118. 128ರಲ್ಲಿ 10 ಕಡಿಮೆಯಾದರೆ ಇಳಿಕೆ ಸುಮಾರು ಶೇ. 7.8 ಮಾತ್ರ. ‘ಶೇ. 20ರ ಮೇಲೆ ಮತ್ತೆ ಶೇ. 10’ ಎಂಬ ಬಟ್ಟೆ ಅಂಗಡಿಯ ಫಲಕವೂ ಅಷ್ಟೆ. ಅಲ್ಲಿ ಸಿಗುವ ರಿಯಾಯಿತಿ ಶೇ. 28, 30 ಅಲ್ಲ.

ಶೇಕಡಾವಾರು ಲೆಕ್ಕ ಪ್ರೌಢಶಾಲೆಯ ಮೆಟ್ಟಿಲೇರುವ ಮೊದಲೇ ಪಠ್ಯದಲ್ಲಿ ಬರುತ್ತದೆ. ಅಲ್ಲಿ ಸೂತ್ರ ಬರೆಸುವ ಮುನ್ನ, ಪ್ರತಿ ಹಂತದಲ್ಲೂ ‘ಇದು ಯಾವ ನೂರಕ್ಕೆ?’ ಎಂದು ಬಾಯಿಬಿಟ್ಟು ಹೇಳಿಸುವ ಅಭ್ಯಾಸವಾಗಬೇಕು. ಇದಕ್ಕೆ ಹೊಸ ಯೋಜನೆಯಾಗಲೀ ಅನುದಾನವಾಗಲೀ ಬೇಕಿಲ್ಲ. ಸಾಲದ ಪತ್ರಕ್ಕೆ ಸಹಿ ಹಾಕುವ ವಯಸ್ಸಿಗೆ ಬರುತ್ತಿರುವ ಹತ್ತರಲ್ಲಿ ಒಂಬತ್ತು ಮಂದಿಗೆ ಮರುಪಾವತಿಯ ಲೆಕ್ಕ ತಿಳಿಯದಿದ್ದರೆ, ಅದರ ದಂಡ ಅಂಕಪಟ್ಟಿಯಲ್ಲಿ ಮುಗಿಯುವುದಿಲ್ಲ. ಬದುಕಿನುದ್ದಕ್ಕೂ ಬಡ್ಡಿಯಾಗಿ ಬೆಳೆಯುತ್ತದೆ.