ಕಡಲಿಗೆ ಬಿದ್ದ ಎಣ್ಣೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಕುರಕುಂಟಾ ಮೊದಲಾದ ಊರುಗಳ ಸುತ್ತ ನೆಲವನ್ನು ಅಗೆದರೆ ಪದರು ಪದರಾದ ಸುಣ್ಣದ ಕಲ್ಲು ಕಾಣಿಸಿಕೊಳ್ಳುತ್ತದೆ. ಮನೆಗಳಿಗೆ ಹಾಸುಗಲ್ಲಾಗಿಯೂ ಸಿಮೆಂಟಿಗೆ ಕಚ್ಚಾವಸ್ತುವಾಗಿಯೂ ಒದಗುವ ಈ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಹರಡಿದ್ದ ಕಡಲಿನ ತಳದಲ್ಲಿ ರೂಪುಗೊಂಡದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇಂದು ಆ ಕಡಲಿಲ್ಲ. ಅರಬ್ಬೀ ಸಮುದ್ರವು ಇಲ್ಲಿಂದ ನೂರಾರು ಕಿಲೋಮೀಟರು ದೂರದಲ್ಲಿದೆ. ಆದುದರಿಂದ ಸಮುದ್ರದಲ್ಲಿ ಹಡಗು ಒಡೆದು ಎಣ್ಣೆ ಚೆಲ್ಲಿತೆಂಬ ಸುದ್ದಿ ಬಂದಾಗ, ಒಳನಾಡಿನವರು ಅದನ್ನು ಪರದೇಶದ ವಾರ್ತೆಯಂತೆ ಓದಿ ಮರೆಯುವುದು ಸಹಜ. ಆದರೆ ಸಹಜವಾದುದೆಲ್ಲ ಸರಿಯಾದುದಲ್ಲ. ಹಡಗುಗಳು ಯಾರ ಅಗತ್ಯಕ್ಕಾಗಿ ಓಡಾಡುತ್ತವೆ, ಅವು ಒಡೆದಾಗ ನಷ್ಟವನ್ನು ಹೊರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಈ ವಿಷಯವು ಎಲ್ಲರ ಮನೆಯ ಬಾಗಿಲಿಗೂ ಬಂದು ನಿಲ್ಲುತ್ತದೆ.

2006ರ ಮೇ 30ರಂದು ‘ಓಷನ್ ಸೆರಾಯ’ ಎಂಬ, ಪನಾಮಾ ದೇಶದ ಧ್ವಜ ಹೊತ್ತ ಸರಕು ಹಡಗು ಕಾರವಾರದ ಎದುರಿನ ದೇವಗಡ ದ್ವೀಪದ ಬಳಿಯ ಬಂಡೆಗಳಿಗೆ ಸಿಕ್ಕಿಕೊಂಡಿತು. ಮುಂಗಾರಿನ ಅಲೆಗಳ ಹೊಡೆತಕ್ಕೆ ಅದರ ಒಡಲು ಮುರಿದು ಸುಮಾರು 650 ಟನ್ ಇಂಧನ ತೈಲವು ನೀರಿಗೆ ಸೇರಿತು. ಗಾಳಿ ಮತ್ತು ಪ್ರವಾಹಗಳು ಆ ಕಪ್ಪು ಜಿಡ್ಡನ್ನು ಕಾರವಾರದ ಮರಳಿಗೂ, ನೆರೆಯ ಗೋವೆಯ ದಕ್ಷಿಣ ತೀರಕ್ಕೂ ಒಯ್ದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಓಷನ್ ಸೆರಾಯ ತೈಲವನ್ನು ಸಾಗಿಸುವ ಹಡಗಾಗಿರಲಿಲ್ಲ. ಚೆಲ್ಲಿದ್ದು ತನ್ನ ಯಂತ್ರಗಳನ್ನು ನಡೆಸಲು ಅದು ತುಂಬಿಕೊಂಡಿದ್ದ ಎಣ್ಣೆ. ಎಂದರೆ, ಅದಿರನ್ನೋ ಧಾನ್ಯವನ್ನೋ ಕಲ್ಲಿದ್ದಲನ್ನೋ ಹೊತ್ತು ಸಾಗುವ ಪ್ರತಿಯೊಂದು ದೊಡ್ಡ ಹಡಗೂ ಇಂಥ ಅಪಾಯವೊಂದನ್ನು ಒಡಲಲ್ಲಿ ಇಟ್ಟುಕೊಂಡೇ ಸಂಚರಿಸುತ್ತದೆ.

ನೀರಿಗೆ ಬಿದ್ದ ಎಣ್ಣೆ ಏನಾಗುತ್ತದೆ? ಅದರ ಹಗುರವಾದ ಭಾಗವು ಆವಿಯಾಗಿ ಗಾಳಿಗೆ ಸೇರುತ್ತದೆ. ಉಳಿದ ಭಾರವಾದ ಭಾಗವು ಅಲೆಗಳ ಕಡೆತದಲ್ಲಿ ನೀರನ್ನು ಹೀರಿ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ. ಕೊನೆಗೆ ಗಟ್ಟಿಯಾಗಿ ಡಾಂಬರಿನ ಉಂಡೆಗಳಾಗಿ ದಡಕ್ಕೆ ಬಂದು ಬೀಳುತ್ತದೆ. ಎಣ್ಣೆ ಮೆತ್ತಿದ ಹಕ್ಕಿಯ ಗರಿಗಳು ನೀರನ್ನು ತಡೆಯಲಾರವು. ಹಕ್ಕಿಯು ಮೈಯ ಬಿಸಿಯನ್ನು ಕಳೆದುಕೊಂಡು ಸಾಯುತ್ತದೆ. ಅಳಿವೆಗಳ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳಿಂದ ಉಸಿರಾಡುತ್ತವೆ. ಆ ಬೇರುಗಳ ಮೇಲೆ ಜಿಡ್ಡು ಕವಿದರೆ ಗಿಡವೇ ಒಣಗುತ್ತದೆ. ಮೀನಿನ ಮೊಟ್ಟೆಗಳೂ ಮರಿಗಳೂ ಅವುಗಳಿಗೆ ಆಹಾರವಾದ ಸೂಕ್ಷ್ಮಜೀವಿಗಳೂ ನೀರಿನ ಮೇಲ್ಪದರದಲ್ಲಿಯೇ ಹೆಚ್ಚಾಗಿ ಇರುತ್ತವೆ. ಎಣ್ಣೆಯೂ ಅಲ್ಲಿಯೇ ತೇಲುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲವು ಅನೇಕ ಮೀನುಗಳು ಸಂತಾನವನ್ನು ಪಡೆಯುವ ಕಾಲ. ಕಾರವಾರದ ಅವಘಡವು ಆ ಕಾಲದ ಹೊಸ್ತಿಲಲ್ಲಿಯೇ ಸಂಭವಿಸಿತು.

ಪ್ರಕೃತಿಗೆ ಆದ ಗಾಯವು ಮನುಷ್ಯನ ಲೆಕ್ಕದ ಪುಸ್ತಕದಲ್ಲಿಯೂ ಮೂಡದೆ ಇರುವುದಿಲ್ಲ. ಬಲೆಗೆ ಎಣ್ಣೆ ಹತ್ತಿದರೆ ಅದನ್ನು ತೊಳೆದು ಮತ್ತೆ ಬಳಸುವುದು ಕಷ್ಟ. ಮೀನಿಗೆ ಎಣ್ಣೆಯ ವಾಸನೆ ಇದೆಯೆಂಬ ಮಾತು ಪೇಟೆಯಲ್ಲಿ ಹಬ್ಬಿದರೆ ಸಾಕು, ದೂರದ ಶುದ್ಧ ನೀರಿನಲ್ಲಿ ಹಿಡಿದ ಬಂಗುಡೆಯನ್ನೂ ಕೊಳ್ಳುವವರಿಲ್ಲ. ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಹೆಂಗಸು, ಮೀನು ಒಣಗಿಸುವವಳು, ಚಿಪ್ಪು ಆಯುವವಳು, ಮಂಜುಗಡ್ಡೆ ಸಾಗಿಸುವವನು ಇವರಲ್ಲಿ ಯಾರೂ ಹಡಗನ್ನು ಕಂಡವರಲ್ಲ. ಆದರೆ ನಷ್ಟವು ಮೊದಲು ತಟ್ಟುವುದು ಇವರಿಗೇ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ನಮ್ಮಲ್ಲಿದೆ. ಕಡಲಿನ ವಿಷಯದಲ್ಲಿ ಈ ಗಾದೆ ತಲೆಕೆಳಗಾಗಿದೆ. ಮಾಡಿದವನು ಒಬ್ಬ, ಉಣ್ಣುವವನು ಇನ್ನೊಬ್ಬ.

ಈ ಅನ್ಯಾಯವನ್ನು ಸರಿಪಡಿಸಲು ಸಾಧ್ಯವಿಲ್ಲವೆನ್ನುವಂತಿಲ್ಲ. 1967ರಲ್ಲಿ ಇಂಗ್ಲೆಂಡಿನ ಬಳಿ ‘ಟಾರಿ ಕ್ಯಾನಿಯನ್’ ಎಂಬ ತೈಲದ ಹಡಗು ಒಡೆದಾಗ ತಕ್ಕ ಕಾನೂನೂ ಇರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಎಣ್ಣೆಯನ್ನು ಕರಗಿಸಲು ಸುರಿದ ಮಾರ್ಜಕಗಳು ಕಡಲಿನ ಜೀವಿಗಳಿಗೆ ಎಣ್ಣೆಗಿಂತ ಹೆಚ್ಚಿನ ಹಾನಿ ಮಾಡಿದವು. ಆ ಪಾಠದಿಂದ 1969ರಲ್ಲಿ ತೈಲವಾಹಕ ಹಡಗುಗಳ ಒಡೆಯರ ಹೊಣೆಯನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ಒಪ್ಪಂದವು ರೂಪುಗೊಂಡಿತು. 1989ರಲ್ಲಿ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗಿನಿಂದ ತೈಲ ಸೋರಿದ ಮರುವರ್ಷವೇ ಅಮೆರಿಕ ಕಠಿಣವಾದ ಕಾನೂನನ್ನು ಮಾಡಿತು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ‘ಡೀಪ್‌ವಾಟರ್ ಹೊರೈಜನ್’ ವೇದಿಕೆ ಸ್ಫೋಟಗೊಂಡು 11 ಕಾರ್ಮಿಕರು ಮಡಿದು, 87 ದಿನ ಬಾವಿಯಿಂದ ಎಣ್ಣೆ ಉಕ್ಕಿದಾಗ, ಬಾವಿಯ ಕಂಪನಿಯು ಪರಿಹಾರ, ದಂಡ, ಸ್ವಚ್ಛತೆಗಳಿಗಾಗಿ ಸುಮಾರು 6,500 ಕೋಟಿ ಡಾಲರುಗಳ ಹೊರೆ ಹೊರಬೇಕಾಯಿತು. ಕಾನೂನು ಬಲವಾಗಿದ್ದಲ್ಲಿ ಹೊಣೆಯೂ ಬಲವಾಗುತ್ತದೆ.

ನಮ್ಮಲ್ಲಿ ನ್ಯಾಯವು ಇಲ್ಲವೆಂದಲ್ಲ. ಅದರ ನಡಿಗೆ ನಿಧಾನ. ತೈಲವಾಹಕವಲ್ಲದ ಹಡಗುಗಳ ಇಂಧನ ತೈಲಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದವು 2001ರಲ್ಲಿ ಸಿದ್ಧವಾದರೂ ಜಾರಿಗೆ ಬಂದದ್ದು 2008ರಲ್ಲಿ. ಅಷ್ಟರಲ್ಲಿ ಓಷನ್ ಸೆರಾಯ ಮುರಿದು ಎರಡು ವರ್ಷಗಳು ಕಳೆದಿದ್ದವು. 2011ರ ಆಗಸ್ಟಿನಲ್ಲಿ ಮುಂಬಯಿಯ ಬಳಿ ‘ರಾಕ್ ಕ್ಯಾರಿಯರ್’ ಮುಳುಗಿತು. ಅದರ ಒಡೆಯರು 100 ಕೋಟಿ ರೂಪಾಯಿ ಪರಿಸರ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞಾಪಿಸಿದ್ದು 2016ರಲ್ಲಿ. 2025ರ ಮೇ 25ರಂದು ಕೇರಳದ ತೀರದಾಚೆ 640 ಪೆಟ್ಟಿಗೆಗಳೊಡನೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಆ ರಾಜ್ಯವು 9,531 ಕೋಟಿ ರೂಪಾಯಿಗಳ ಪರಿಹಾರವನ್ನು ಕೋರಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮೀನುಗಾರನ ಒಲೆಯಾದರೋ ವರ್ಷಗಟ್ಟಲೆ ಕಾಯಲಾರದು. ಆದುದರಿಂದ ಅವಘಡ ನಡೆದ ಕೆಲವೇ ವಾರಗಳಲ್ಲಿ ಅವನ ಕೈಗೆ ನೆರವು ತಲುಪಬೇಕು. ಹಡಗು ಸಾಗಣೆಯಿಂದಲೇ ಸಂಗ್ರಹಿಸಿದ ನಿಧಿಯಿಂದ ಸರ್ಕಾರವು ಮೊದಲು ಕೊಟ್ಟು, ಬಳಿಕ ಹಡಗಿನ ಒಡೆಯನಿಂದ ವಸೂಲು ಮಾಡುವುದು ನ್ಯಾಯವಾದ ಮಾರ್ಗ.

ಸಮುದ್ರವು ಅಪಾರವಾದುದು, ಅಲೆಗಳೂ ಅಣುಜೀವಿಗಳೂ ಎಣ್ಣೆಯನ್ನು ಕ್ರಮೇಣ ಜೀರ್ಣಿಸಿಕೊಳ್ಳುತ್ತವೆ ಎಂದು ವಾದಿಸುವವರುಂಟು. ಅದು ಸುಳ್ಳಲ್ಲ. ಆದರೆ ಕಡಲು ಚೇತರಿಸಿಕೊಳ್ಳುವ ಕಾಲದ ಅಳತೆ ಬೇರೆ, ಸಾಲ ಮಾಡಿ ದೋಣಿ ಕೊಂಡವನ ಕಂತಿನ ಅಳತೆ ಬೇರೆ. ತೈಲವಿಲ್ಲದೆ ದೇಶ ನಡೆಯಲಾರದೆಂಬ ಮಾತೂ ನಿಜ. ಭಾರತವು ತನಗೆ ಬೇಕಾದ ಕಚ್ಚಾತೈಲದ ಬಹುಭಾಗವನ್ನು ಕಡಲ ಮಾರ್ಗದಿಂದಲೇ ತರಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲವನ್ನು ಕೂಡಿಡುವ ನೆಲಮಾಳಿಗೆಗಳು ನಮ್ಮ ರಾಜ್ಯದಲ್ಲಿಯೇ ಇವೆ. ತೈಲ ಬೇಕೆನ್ನುವವರು ಅದರ ಅಪಾಯದ ಬೆಲೆಯನ್ನೂ ಕೊಡಲು ಸಿದ್ಧರಿರಬೇಕೆಂಬುದಷ್ಟೇ ಇಲ್ಲಿಯ ವಾದ.

ಆ ತೈಲ ಬೇಕಾದವರಲ್ಲಿ ಒಳನಾಡಿನವರೂ ಸೇರಿದ್ದಾರೆ. ಸೇಡಂ ಸೀಮೆಯ ಸಿಮೆಂಟನ್ನು ಹೊತ್ತೊಯ್ಯುವ ಲಾರಿಯೂ ತೊಗರಿಯ ಹೊಲವನ್ನು ಉಳುವ ಟ್ರ್ಯಾಕ್ಟರೂ ಕಡಲು ದಾಟಿ ಬಂದ ಎಣ್ಣೆಯಿಂದಲೇ ನಡೆಯುತ್ತವೆ. ಇಷ್ಟೇ ಅಲ್ಲ, ಕಡಲಿಗೆ ಸೇರುವ ಎಣ್ಣೆಯೆಲ್ಲ ಹಡಗಿನಿಂದಲೇ ಬಿದ್ದುದಲ್ಲ; ನೆಲದ ಮೇಲೆ ಚೆಲ್ಲಿ ಮಳೆಯ ನೀರಿನೊಡನೆ ಹರಿದು ಹೋದದ್ದೂ ಬಹಳವಿದೆ. ಗ್ಯಾರೇಜಿನ ಅಂಗಳದಲ್ಲಿ ಸುರಿದ ಹಳೆಯ ಎಣ್ಣೆ ಮೊದಲ ಮಳೆಗೆ ಕಾಗಿಣಾ ನದಿಗಿಳಿಯುತ್ತದೆ. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಹನಿ ಹನಿ ಗೂಡಿದರೆ ಹಳ್ಳವಾಗುವುದು ನೀರಿನ ವಿಷಯದಲ್ಲಿ ಮಾತ್ರವೇ?

ಗಣಿಯ ಧೂಳು ತೊಗರಿಯ ಹೂವಿನ ಮೇಲೆ ಕುಳಿತಾಗ ‘ಈ ನಷ್ಟ ತುಂಬಿಕೊಡುವವರು ಯಾರು?’ ಎಂದು ರೈತನು ಕೇಳುತ್ತಾನೆ. ಎಣ್ಣೆ ಮೆತ್ತಿದ ಬಲೆಯನ್ನು ಹಿಡಿದು ಕಾರವಾರದ ಮೀನುಗಾರನು ಕೇಳುವ ಪ್ರಶ್ನೆಯೂ ಅದೇ. ಈ ಇಬ್ಬರೂ ಒಬ್ಬರ ಕಷ್ಟವನ್ನು ಇನ್ನೊಬ್ಬರು ತಮ್ಮದೆಂದು ಅರಿತು ಒಂದೇ ದನಿಯಲ್ಲಿ ಕೇಳಿದರೆ, ಉತ್ತರಿಸಬೇಕಾದವರು ಬಹಳ ಕಾಲ ಮೌನವಾಗಿರಲಾರರು.